ಎರಡು ದಿನ ನನ್ನ ಮೊಬೈಲ್‌ನಲ್ಲಿದ್ದ ಫೋಟೊ

2023ರ ಫೆಬ್ರವರಿಯಲ್ಲಿ ನಾನು ತಿಕೋಟಾದ ಅನುದಾನಿತ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದೆ. ನೌಕರಿಗೆ ಸೇರಿ ಮೂವತ್ತೊಂದು ವರ್ಷವಾಗಿತ್ತು. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ವಿಜಯಪುರದ ಮನೆಯಿಂದ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುತ್ತಿದ್ದೆ. ದ್ರಾಕ್ಷಿ ಕಟಾವಿನ ಕಾಲ ಅದು. ನಮ್ಮ ಮಕ್ಕಳ ತಂದೆತಾಯಿಗಳು ಹೊತ್ತು ಹುಟ್ಟುವ ಮೊದಲೇ ತೋಟಕ್ಕೋ ಒಣದ್ರಾಕ್ಷಿ ಶೆಡ್ಡಿಗೋ ಹೋಗಿಬಿಡುತ್ತಿದ್ದರು. ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ ಎದುರಿಗಿತ್ತು. ಆ ವರ್ಷ ನೂರಕ್ಕೆ ನೂರು ಫಲಿತಾಂಶ ತರಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಇಂಥ ಪ್ರಕರಣಗಳಲ್ಲಿ ಮಕ್ಕಳ ಗುರುತು ಬಯಲು ಮಾಡುವುದು ಕಾನೂನಿನ ಪ್ರಕಾರ ಅಪರಾಧ. ಆದ್ದರಿಂದ ಹುಡುಗಿಯನ್ನು ಸವಿತಾ ಎಂದೂ ಹುಡುಗನನ್ನು ಪ್ರವೀಣ ಎಂದೂ ಕರೆಯುತ್ತೇನೆ. ಉಳಿದವರ ಹೆಸರನ್ನೂ ಬದಲಿಸಿದ್ದೇನೆ. ನನ್ನ ತಪ್ಪನ್ನು ಮಾತ್ರ ಬದಲಿಸಿಲ್ಲ.

ಅದೊಂದು ಸೋಮವಾರ. ಎರಡನೆಯ ಪಿರಿಯಡ್ ಮುಗಿಯುತ್ತಿದ್ದಂತೆ ವಿಜ್ಞಾನ ಶಿಕ್ಷಕಿ ನಸ್ರೀನ್ ಹತ್ತನೆಯ ತರಗತಿಯ ಸವಿತಾಳನ್ನು ಕರೆದುಕೊಂಡು ನನ್ನ ಕೋಣೆಗೆ ಬಂದು ಬಾಗಿಲು ಹಾಕಿದರು. ಸವಿತಾಗೆ ಹದಿನೈದು ವರ್ಷ. ತಂದೆ ದ್ರಾಕ್ಷಿ ಸಾಗಿಸುವ ಟೆಂಪೊ ಓಡಿಸುತ್ತಿದ್ದರು, ತಾಯಿ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುತ್ತಿದ್ದರು. ಗಣಿತದಲ್ಲಿ ಶಾಲೆಗೇ ಮೊದಲಿಗಳು. ಅವತ್ತು ಅವಳ ತುಟಿ ಒಣಗಿ ಬಿಳಿಚಿಕೊಂಡಿತ್ತು.

ನಸ್ರೀನ್ ತಗ್ಗಿದ ದನಿಯಲ್ಲಿ ವಿಷಯ ಹೇಳಿದರು. ನಮ್ಮ ಶಾಲೆಯಲ್ಲೇ ಓದಿ ಈಗ ಪಿಯುಸಿ ಮೊದಲ ವರ್ಷದಲ್ಲಿದ್ದ, ಬಬಲೇಶ್ವರದ ಪ್ರವೀಣ ಎಂಬ ಹುಡುಗನೊಂದಿಗೆ ಸವಿತಾಗೆ ಸ್ನೇಹವಿತ್ತು. ದಸರಾ ರಜೆಯಲ್ಲಿ ಅವನು ಕೇಳಿದನೆಂದು, ಯಾರಿಗೂ ಕಳಿಸಬಾರದಂಥ ತನ್ನ ಒಂದು ಫೋಟೊವನ್ನು ತಾಯಿಯ ಮೊಬೈಲ್‌ನಿಂದ ಅವನಿಗೆ ಕಳಿಸಿದ್ದಳು. ನಾಲ್ಕು ತಿಂಗಳ ಮೇಲೆ ಅದೇ ಫೋಟೊ ಹುಡುಗರ ವಾಟ್ಸಾಪ್ ಗುಂಪೊಂದರಲ್ಲಿ ಕಾಣಿಸಿಕೊಂಡಿತ್ತು. ಅವಳದೇ ತರಗತಿಯ ಒಬ್ಬ ಹುಡುಗಿಗೂ ಬಂದಿತ್ತು. ಆ ಹುಡುಗಿ ಹೆದರಿ ಮೊಬೈಲನ್ನು ನಸ್ರೀನ್ ಕೈಗೆ ಕೊಟ್ಟಿದ್ದಳು. ಇದರ ಮೇಲೆ, ಗುರುತಿಲ್ಲದ ನಂಬರಿನಿಂದ ಸವಿತಾಗೆ, ಓದಲು ಬಾರದ ಆ ತಾಯಿಯ ಮೊಬೈಲ್‌ಗೇ, ಸಂದೇಶ ಬರುತ್ತಿತ್ತು: ಇನ್ನೂ ಫೋಟೊ ಕಳಿಸು, ಇಲ್ಲದಿದ್ದರೆ ಇದನ್ನು ನಿಮ್ಮಪ್ಪನಿಗೆ ಕಳಿಸುತ್ತೇನೆ. ಪೊಲೀಸರ ಹತ್ತಿರ ಹೋದರೆ ಮೊದಲು ಜೈಲಿಗೆ ಹೋಗುವವಳು ನೀನೇ.

ಸವಿತಾ ನನ್ನ ಮುಖ ನೋಡಿ ಕೇಳಿದ್ದು ಇಷ್ಟೇ: "ಟೀಚರ್, ನನಗೂ ಜೇಲ್ ಆಕೈತೇನ್ರಿ?"

ಉತ್ತರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ರೂಢಿಯೂ ಇರಲಿಲ್ಲ. "ಈ ಮಾತು ಹೊರಗ ಹೋದ್ರ ನಿನಗ ತ್ರಾಸ ಆಕೈತಿ. ಯಾರ ಮುಂದೂ ಬಾಯಿ ಬಿಡಬ್ಯಾಡ. ನಾ ನೋಡ್ಕೋತೇನಿ," ಎಂದೆ. ಧೈರ್ಯ ಹೇಳಿದೆನೆಂದೇ ನಾನು ತಿಳಿದಿದ್ದೆ. ಆ ಮಾತು ಅವಳ ಕಿವಿಗೆ ಹೇಗೆ ಬಿದ್ದಿತೆಂಬುದು ಎರಡು ದಿನ ಬಿಟ್ಟು ಗೊತ್ತಾಯಿತು.

ಅವಳನ್ನು ತರಗತಿಗೆ ಕಳಿಸಿದ ಮೇಲೆ ನಸ್ರೀನ್‌ಗೆ, "ಆ ಫೋಟೊ ನನ್ನ ನಂಬರಿಗೆ ಹಾಕ್ರಿ, ಆಧಾರಕ್ಕ ಇರಲಿ," ಎಂದೆ. ಅವರು ಮೊಬೈಲನ್ನು ಮೇಜಿನ ಮೇಲಿಟ್ಟು ಕೈ ಹಿಂದೆ ತೆಗೆದುಕೊಂಡರು.

"ಮೇಡಂ, ಅದನ್ನ ಕಳಸೂದ ತಪ್ಪಂತ ಟ್ರೇನಿಂಗ್‌ದಾಗ ಹೇಳ್ಯಾರ್ರಿ. ನಾವು ಇವತ್ತ ಪೊಲೀಸರಿಗೆ ತಿಳಸಬೇಕ್ರಿ."

"ಪರೀಕ್ಷಾ ತಲಿ ಮ್ಯಾಲ ಐತಿ. ಹುಡುಗಿ ಬಾಳೇ ಹಾಳ ಮಾಡ್ತೀರೇನ್ರಿ?" ಎಂದು ಗದರಿ, ನಾನೇ ಆ ಮೊಬೈಲ್ ಎತ್ತಿಕೊಂಡು ಫೋಟೊವನ್ನು ನನ್ನ ನಂಬರಿಗೆ ಕಳಿಸಿಕೊಂಡೆ. ಆ ಒಂದು ಒತ್ತಿನಿಂದ ನಾನು ಕಾನೂನಿನ ಗೆರೆ ದಾಟಿದ್ದೆ.

ನಸ್ರೀನ್ ಹೇಳಿದ ಟ್ರೇನಿಂಗ್‌ಗೆ ನಾನೂ ಹೋಗಿದ್ದೆ. ಹದಿನೆಂಟು ವರ್ಷದೊಳಗಿನವರನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಗೆ ಪೋಕ್ಸೊ ಎನ್ನುತ್ತಾರೆ. ಅದರ ಹತ್ತೊಂಬತ್ತನೆಯ ಕಲಮಿನ ಪ್ರಕಾರ, ಇಂಥ ಅಪರಾಧ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಇಪ್ಪತ್ತೊಂದನೆಯ ಕಲಮಿನ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮಕ್ಕಳ ಅಂಥ ಫೋಟೊವನ್ನು ಮಾಡುವುದು, ಕಳಿಸುವುದು, ಹುಡುಕಿ ಇಳಿಸಿಕೊಳ್ಳುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಮಗು ಒಪ್ಪಿಯೇ ಕಳಿಸಿತ್ತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಇದೆಲ್ಲ ಬರೆದಿದ್ದ ಪುಸ್ತಿಕೆ ನನ್ನ ಕಪಾಟಿನಲ್ಲೇ ಇತ್ತು. ಹಾಜರಿ ಹಾಕಿ ಚಹಾ ಕುಡಿದು ಬಂದವರಲ್ಲಿ ನಾನೂ ಒಬ್ಬಳು.

ಮಧ್ಯಾಹ್ನ ಸಂಸ್ಥೆಯ ಕಾರ್ಯದರ್ಶಿಗೆ ಫೋನ್ ಮಾಡಿದೆ. ಅವರು, "ಅಕ್ಕೋರ, ಎರಡ ದಿನ ತಡೀರಿ. ಹುಡುಗನ ಅಪ್ಪನ್ನ ಕರಿಸಿ ಒಳಗಿಂದೊಳಗ ಮುಗಸ್ರಿ. ಸಾಲಿ ಹೆಸರು ಪೇಪರಿಗೆ ಬರಬಾರದು," ಎಂದರು. ನನಗೂ ಬೇಕಾಗಿದ್ದದ್ದು ಅದೇ ಮಾತು.

ಸಂಜೆ ಮನೆಗೆ ಬಂದು ಕಾಲು ತೊಳೆದು ಬರುವಷ್ಟರಲ್ಲಿ, ಎರಡನೆಯ ತರಗತಿಯ ನನ್ನ ಮೊಮ್ಮಗಳು ಸೋಫಾದ ಮೇಲೆ ಕುಳಿತು ನನ್ನ ಮೊಬೈಲ್‌ನಲ್ಲಿ ಹಬ್ಬದ ಫೋಟೊಗಳನ್ನು ಬೆರಳಿನಿಂದ ಸರಿಸುತ್ತಿದ್ದಳು. ವಾಟ್ಸಾಪಿನ ಫೋಟೊ ತಾನಾಗಿಯೇ ಗ್ಯಾಲರಿಗೆ ಬಂದು ಕೂರುತ್ತದೆಂದು ಆ ಕ್ಷಣ ಹೊಳೆಯಿತು. ಓಡಿಹೋಗಿ ಕಸಿದುಕೊಂಡೆ. ನನ್ನ ಉಗುರು ತಾಗಿ ಅವಳ ಕೈ ಗೀರಿತು. ಅವಳು ಅಳಲಿಲ್ಲ, ನನ್ನ ಮುಖ ನೋಡಿ ಹಿಂದೆ ಸರಿದಳು. ಇನ್ನೆರಡು ಸಲ ಬೆರಳು ಸರಿಸಿದ್ದರೆ ಅದು ತೆರೆದುಕೊಳ್ಳುತ್ತಿತ್ತು. ಅಳಿಸೋಣವೆಂದರೆ ಸಾಕ್ಷಿ ನಾಶವಾದೀತೆಂಬ ಭಯ, ಇಟ್ಟುಕೊಳ್ಳೋಣವೆಂದರೆ ಮನೆಯವರ ಕಣ್ಣಿಗೆ ಬಿದ್ದೀತೆಂಬ ಭಯ. ಮೊಬೈಲನ್ನು ಸೀರೆಗಳ ಕೆಳಗಿಟ್ಟು ಕಬ್ಬಿಣದ ಕಪಾಟಿಗೆ ಕೀಲಿ ಹಾಕಿದೆ. ನನ್ನ ಮನೆಯಲ್ಲೇ ಕಳ್ಳಿಯ ಹಾಗೆ ಓಡಾಡಿದೆ.

ಮಂಗಳವಾರ ಬೆಳಿಗ್ಗೆ ಪ್ರವೀಣ ತಂದೆಯೊಂದಿಗೆ ಬಬಲೇಶ್ವರದಿಂದ ಬಂದ. ತಂದೆ ಅಲ್ಲಿ ಟೇಲರ್; ಕತ್ತಿನಲ್ಲಿ ಅಳತೆಪಟ್ಟಿ ಹಾಗೇ ಇತ್ತು, ತೆಗೆಯಲು ಮರೆತಿದ್ದರು. ಪ್ರವೀಣನಿಗೆ ಹದಿನಾರು ದಾಟಿ ನಾಲ್ಕು ತಿಂಗಳು. ಎರಡು ವರ್ಷ ನನ್ನ ಕೈಯಲ್ಲೇ ಕನ್ನಡ ಕಲಿತ ಹುಡುಗ.

"ಗುಂಪಿಗೆ ನಾ ಹಾಕಿಲ್ರಿ ಟೀಚರ್. ಮಹೇಶಣ್ಣಗ ತೋರಿಸಿದ್ನಿರಿ, ಒಮ್ಮೆ. ಕಳಸು ಅಂದ, ಕಳಿಸಿದ್ನಿ," ಎಂದು ಬಿಕ್ಕಿದ.

ಮಹೇಶ ಅವನ ದೊಡ್ಡಪ್ಪನ ಮಗ. ಹತ್ತೊಂಬತ್ತು ವರ್ಷ, ಬಬಲೇಶ್ವರದಲ್ಲಿ ಮೊಬೈಲ್ ರಿಪೇರಿ ಅಂಗಡಿ. ಗೆಳತಿ ಇದ್ದಾಳೆಂದು ಜಂಭ ಕೊಚ್ಚಿಕೊಳ್ಳಲು ಪ್ರವೀಣ ಅದನ್ನು ತೋರಿಸಿದ್ದ. ಗುರುತಿಲ್ಲದ ನಂಬರಿನಿಂದ ಹೆದರಿಸುತ್ತಿದ್ದವನು ಆ ಮಹೇಶನೇ.

ತಂದೆ ಮಗನ ಕೆನ್ನೆಗೆ ಹೊಡೆದರು. ನಾನು ತಡೆದೆ. "ಇಬ್ಬರ ಮೊಬೈಲ್‌ನಾಗಿಂದೂ ಅಳಸಸ್ರಿ, ಇಲ್ಲಿಗೆ ಮುಗೀತು," ಎಂದೆ. ಅವರು ನನಗೆ ಕೈಮುಗಿದು ಹೋದರು. ಬಾಗಿಲ ಹೊರಗೆ ನಿಂತಿದ್ದ ನಸ್ರೀನ್ ಒಳಗೆ ಬಂದು, "ಮುಗದಿಲ್ರಿ ಮೇಡಂ," ಎಂದಷ್ಟೇ ಹೇಳಿ ಪಾಠಕ್ಕೆ ಹೋದರು.

ಅವರು ಹೇಳಿದ್ದೇ ನಿಜವಾಯಿತು. ಶಾಲೆಗೆ ವಿಷಯ ತಿಳಿದಿದೆ ಎಂದು ಮನೆಯಲ್ಲಿ ಬೈಸಿಕೊಂಡ ಮಹೇಶ, ಅದೇ ಸಂಜೆ ಸಿಟ್ಟಿನಲ್ಲಿ ಫೋಟೊವನ್ನು ಇನ್ನೆರಡು ಗುಂಪುಗಳಿಗೆ ಹಾಕಿದ. ಸೋಮವಾರ ನಾನು ಪೊಲೀಸರಿಗೆ ತಿಳಿಸಿದ್ದರೆ ಅವನ ಮೊಬೈಲ್ ಅಷ್ಟೊತ್ತಿಗೆ ಅವರ ಕೈಯಲ್ಲಿರುತ್ತಿತ್ತು. ಈ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದ್ದೇನೋ.

ಬುಧವಾರ ಸವಿತಾ ಶಾಲೆಗೆ ಬರಲಿಲ್ಲ. ಹನ್ನೊಂದರ ಹೊತ್ತಿಗೆ ಅವಳ ತಾಯಿ ಶೆಡ್ಡಿನಿಂದ ಓಡಿಬಂದರು. ಪಕ್ಕದ ಮನೆಯವರು ಅವರಿಗೆ ಫೋಟೊದ ವಿಷಯ ಹೇಳಿದ್ದರು. "ಮಗಳು ಎಂಟಕ್ಕ ಸಾಲಿಗೆ ಹ್ವಾದ್ಲಂತ ಮಗ್ಗಲ ಮನಿಯವರು ಅಂತಾರ್ರಿ ಅಕ್ಕೋರ. ಎಲ್ಲಿದ್ದಾಳ್ರಿ?" ಎಂದು ನನ್ನ ಕೈ ಹಿಡಿದುಕೊಂಡರು. ಅವರ ಬೆರಳುಗಳು ಒಣದ್ರಾಕ್ಷಿಯ ಅಂಟಿನಿಂದ ನನ್ನ ಕೈಗೆ ಹತ್ತಿಕೊಂಡವು.

ಆಮೇಲಿನ ಎರಡೂವರೆ ಗಂಟೆ ನಾನು ಬದುಕಿದ್ದ ರೀತಿಯನ್ನು ವಿವರಿಸುವುದು ಕಷ್ಟ. ಟೆಂಪೊ ಬಿಟ್ಟು ಬಂದ ತಂದೆ ಊರ ಸುತ್ತಲಿನ ಬಾವಿಗಳನ್ನು ನೋಡಲು ಹೋದರು. ದ್ರಾಕ್ಷಿ ತೋಟಗಳಿಗೆ ನೀರು ಕೂಡಿಡುವ ಕೃಷಿ ಹೊಂಡಗಳು ನಮ್ಮ ಕಡೆ ಬಹಳ. ಒಳಗೆ ಹಾಸಿದ ಪ್ಲಾಸ್ಟಿಕ್ ಜಾರುತ್ತದೆ, ಬಿದ್ದವರು ಮೇಲೆ ಬರಲಾರರು. ನಾನೂ ನಸ್ರೀನ್‌ರೂ ಒಂದೊಂದೇ ಹೊಂಡದ ಅಂಚಿಗೆ ಹೋಗಿ ಇಣುಕಿದೆವು. ಪ್ರತಿ ಸಲ ಇಣುಕುವ ಮೊದಲು ನಾನು ಕಣ್ಣು ಮುಚ್ಚುತ್ತಿದ್ದೆ. ನಸ್ರೀನ್, "ಇಲ್ರಿ, ಇಲ್ಲಿಲ್ಲ," ಎಂದಮೇಲೆ ತೆರೆಯುತ್ತಿದ್ದೆ.

ಬೆಳಿಗ್ಗೆ ತೋಟದ ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬಳು, ಯೂನಿಫಾರ್ಮ್ ಹಾಕಿದ ಹುಡುಗಿ ವಿಜಯಪುರದ ಬಸ್ ಹತ್ತಿದ್ದನ್ನು ನೋಡಿದೆನೆಂದಳು. ವಿಜಯಪುರದ ಹತ್ತಿರದ ಭೂತನಾಳದಲ್ಲಿ ಸವಿತಾಳ ಸೋದರತ್ತೆಯ ಮನೆಯಿತ್ತು. ನಸ್ರೀನ್ ಗಂಡನ ಕಾರು ತರಿಸಿ, ಸವಿತಾಳ ತಂದೆತಾಯಿಯನ್ನು ಕೂರಿಸಿಕೊಂಡು ಅಲ್ಲಿಗೆ ಹೋದೆವು. ಅತ್ತೆ, "ಇಲ್ಲಿಗಿ ಬಂದೇ ಇಲ್ಲಲ್ಲ," ಎಂದದ್ದೇ ತಂದೆ ಒಂದು ಮಾತೂ ಆಡದೆ ಕೆರೆಯ ಕಡೆ ನಡೆದರು. ನಾವೂ ಹಿಂದೆ ಓಡಿದೆವು. ಬಿಸಿಲಿಗೆ ಕೆರೆಯ ನೀರು ಕಣ್ಣು ಕುಕ್ಕುತ್ತಿತ್ತು. ತಂದೆ ದಂಡೆಯ ಮೇಲೆ ನಿಂತು ಮಗಳ ಹೆಸರು ಹಿಡಿದು ಒಂದೇ ಸಲ ಕೂಗಿದರು. ಯಾರೂ ಓಗೊಡಲಿಲ್ಲ. ತಾಯಿ ನನ್ನ ಕಡೆ ತಿರುಗಿ, "ನಿಮ್ಮ ಮುಂದ ಏನರ ಹೇಳಿದ್ಲೇನ್ರಿ ಅಕ್ಕೋರ?" ಎಂದು ಕೇಳಿದರು. ನಾನು ತಲೆ ಅಲ್ಲಾಡಿಸಿದೆ. ಇಲ್ಲ ಎಂದು.

ಒಂದೂವರೆಗೆ ಸವಿತಾಳ ತಾಯಿಯ ಮೊಬೈಲ್ ರಿಂಗಾಯಿತು. ವಿಜಯಪುರದ ಠಾಣೆಯೊಂದರಿಂದ ಮಹಿಳಾ ಪಿಎಸ್‌ಐ ಮಾತಾಡುತ್ತಿದ್ದರು. ಹುಡುಗಿ ಅಲ್ಲಿದ್ದಳು, ಕ್ಷೇಮವಾಗಿದ್ದಳು.

ಅವಳು ಬಸ್ಸಿಳಿದು, ದಾರಿ ಕೇಳಿಕೊಂಡು, ಒಬ್ಬಳೇ ಠಾಣೆಗೆ ಹೋಗಿದ್ದಳು. ಬಾಗಿಲಲ್ಲಿ ಕುಳಿತಿದ್ದ ಕಾನ್‌ಸ್ಟೆಬಲ್ ಮುಂದೆ ನಿಂತು ಅವಳು ಹೇಳಿದ್ದನ್ನು ಪಿಎಸ್‌ಐ ನಮಗೆ ಹಾಗೆಯೇ ಹೇಳಿದರು: "ನನಗ ಎಷ್ಟ ವರ್ಷ ಶಿಕ್ಷಾ ಆಕೈತಿ ಹೇಳ್ರಿ. ಪರೀಕ್ಷಾ ಬರದ ಬರ್ತೇನ್ರಿ, ಅಲ್ಲೀತನಕ ಬಿಡ್ರಿ."

ನಾವು ಹೋದಾಗ ಪಿಎಸ್‌ಐ ಚೂಡಿದಾರದಲ್ಲಿದ್ದರು. ಮಕ್ಕಳ ಹೇಳಿಕೆ ಪಡೆಯುವಾಗ ಪೊಲೀಸರು ಸಮವಸ್ತ್ರದಲ್ಲಿರಬಾರದೆಂದು ನಿಯಮ. ಒಳಕೋಣೆಯ ಕುರ್ಚಿಯಲ್ಲಿ ಸವಿತಾ ಗಣಿತದ ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡು ಕುಳಿತಿದ್ದಳು. ತಂದೆಯನ್ನು ನೋಡಿದೊಡನೆ ಎದ್ದು ಗೋಡೆಗೆ ಆತುಕೊಂಡಳು. ಹೊಡೆಯುತ್ತಾರೆಂದು ಅವಳಿಗೆ ಅನಿಸಿರಬೇಕು, ನನಗೂ ಅನಿಸಿತ್ತು. ಅವರು ಹೊಡೆಯಲಿಲ್ಲ. ನೆಲದ ಮೇಲೆ ಕುಕ್ಕರಿಸಿ, "ನನ್ನ ಮುಂದ ಯಾಕ ಹೇಳಲಿಲ್ಲವ್ವಾ?" ಎಂದರು.

"ಅಂಜಿದ್ನಪ್ಪಾ," ಎಂದಳು.

ಪಿಎಸ್‌ಐ ಅವಳ ಹೆಗಲ ಮೇಲೆ ಕೈಯಿಟ್ಟು, "ನೀ ದೂರು ಕೊಡಾಕ ಬಂದಾಕಿ. ಆರೋಪಿ ಅಲ್ಲ. ತಿಳೀತಿಲ್ಲ?" ಎಂದರು. ಅವಳು ಆಗ ಅತ್ತಳು, ಮೂರು ದಿನಗಳಲ್ಲಿ ಮೊದಲ ಸಲ.

ತಾಯಿಯ ಎದುರಿಗೆ ಹೇಳಿಕೆ ಮುಗಿಯುವವರೆಗೆ ನಾನು ಹೊರಗಿನ ಬೆಂಚಿನ ಮೇಲಿದ್ದೆ. ಕಾರ್ಯದರ್ಶಿಯ ಫೋನ್ ಬಂತು. "ಇವತ್ತ ಮುಂಜಾನೆ ಗೊತ್ತಾತು ಅನ್ರಿ ಅಕ್ಕೋರ. ನಿಮ್ಮ ನೌಕರಿ ಪ್ರಶ್ನಾ ಐತಿ, ಸಂಸ್ಥಾದ್ದೂ ಐತಿ." ಫೋನಿಟ್ಟೆ. ಆ ಫೋಟೊ ಇನ್ನೂ ಅದರೊಳಗೇ ಇತ್ತು.

ಪಿಎಸ್‌ಐ ನನ್ನನ್ನು ಒಳಗೆ ಕರೆದರು. ಜೊತೆಗೆ ನಸ್ರೀನ್ ಬಂದರು. "ಹುಡುಗಿ ಯಾರ ಮುಂದೂ ಹೇಳಿಲ್ಲಂತ ಅಂದಾಳ್ರಿ. ನಿಮಗ ಯಾವಾಗ ಗೊತ್ತಾತ್ರಿ ಮೇಡಂ?"

ಯಾರ ಮುಂದೂ ಬಾಯಿ ಬಿಡಬೇಡ ಎಂದು ನಾನು ಹೇಳಿದ್ದೆ. ನನಗೆ ಹೇಳಿದ್ದನ್ನು ಪೊಲೀಸರ ಮುಂದೆಯೂ ಮುಚ್ಚಿಟ್ಟು ಅವಳು ನನ್ನನ್ನು ಕಾಪಾಡಿದ್ದಳು. ನಾನು ಬುಧವಾರ ಎಂದಿದ್ದರೆ ಆ ಹೊತ್ತಿಗೆ ಅದು ನಡೆದುಹೋಗುತ್ತಿತ್ತು. ನಸ್ರೀನ್ ನನ್ನ ಕಡೆ ನೋಡಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದರು. ಪೆನ್ಷನ್, ಮಗನ ಮುಖ, ಪೇಪರಿನಲ್ಲಿ ನನ್ನ ಹೆಸರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಆದರೆ ನಾನು ಸುಳ್ಳು ಹೇಳಿದರೆ ಅದಕ್ಕೆ ಸಾಕ್ಷಿ ನಿಲ್ಲಬೇಕಾದವಳು ಆ ಹದಿನೈದು ವರ್ಷದ ಹುಡುಗಿ. ಕೋರ್ಟಿನಲ್ಲಿ ಅವಳೂ ಸುಳ್ಳು ಹೇಳಬೇಕಾಗುತ್ತಿತ್ತು.

"ಸೋಮವಾರ," ಎಂದೆ. "ಆಕೀನ ಹೇಳಿದ್ಲು. ಸುಮ್ನಿರು ಅಂತ ನಾನ ಹೇಳೇನಿ. ಫೋಟೊ ನನ್ನ ಮೊಬೈಲ್‌ನಾಗೂ ಐತ್ರಿ." ಮೊಬೈಲನ್ನು ಮೇಜಿನ ಮೇಲಿಟ್ಟೆ.

ಪಿಎಸ್‌ಐ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಇದರ ಅರ್ಥ ನಿಮಗ ಗೊತ್ತೈತಿಲ್ರಿ?"

"ಗೊತ್ತೈತ್ರಿ."

ಅದೇ ಸಂಜೆ ಮಹೇಶನನ್ನು ಹಿಡಿದರು. ಹದಿನೆಂಟು ದಾಟಿದವನಾದ್ದರಿಂದ ಅವನ ದಾರಿ ವಯಸ್ಕರ ದಾರಿ: ಲಾಕಪ್, ಪೋಕ್ಸೊ ವಿಶೇಷ ನ್ಯಾಯಾಲಯ, ಜೈಲು. ಜಾಮೀನು ಸಿಗಲು ಎರಡು ತಿಂಗಳು ಮೇಲಾಯಿತು. ಎರಡು ವರ್ಷದ ವಿಚಾರಣೆಯ ನಂತರ ಫೋಟೊ ಹಂಚಿದ್ದಕ್ಕೂ ಹುಡುಗಿಯನ್ನು ಬೆದರಿಸಿದ್ದಕ್ಕೂ ಮೂರು ವರ್ಷ ಸಜೆಯಾಯಿತು.

ಪ್ರವೀಣನ ದಾರಿ ಬೇರೆ. ಹದಿನೆಂಟರೊಳಗಿನವರನ್ನು ಕಾನೂನು ಆರೋಪಿ ಎನ್ನುವುದಿಲ್ಲ. "ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು" ಎನ್ನುತ್ತದೆ. ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಕೈಗೆ ಬೇಡಿ ತೊಡಿಸುವಂತಿಲ್ಲ. ಇಪ್ಪತ್ನಾಲ್ಕು ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುವ ಮಂಡಳಿ ಅದು. ಅವನನ್ನು ತಂದೆಯ ವಶಕ್ಕೆ ಕೊಟ್ಟು, ಪರಿವೀಕ್ಷಣಾಧಿಕಾರಿಯಿಂದ ಮನೆಯ ಸ್ಥಿತಿಗತಿಯ ವರದಿ ತರಿಸಿಕೊಂಡು, ಕೊನೆಗೆ ಒಂದು ವರ್ಷದ ನಿಗಾ, ಆಪ್ತಸಮಾಲೋಚನೆ, ಗ್ರಂಥಾಲಯದಲ್ಲಿ ಸಮಾಜಸೇವೆ ವಿಧಿಸಿದರು. ಮುಂದೆ ನೌಕರಿಗೆ ಇದು ಅಡ್ಡಿಯಾಗದು, ದಾಖಲೆಯನ್ನೂ ಕಾಲಕ್ರಮದಲ್ಲಿ ನಾಶಪಡಿಸುತ್ತಾರೆ. ಹಾಗೆಂದು ಅವನು ಸುಲಭವಾಗಿ ಪಾರಾದನೆನ್ನಲಾರೆ. ಮಂಡಳಿಯ ಅಂಗಳದಲ್ಲಿ ನನ್ನನ್ನು ಕಂಡಾಗ, "ಟೀಚರ್, ಮಹೇಶಣ್ಣನ ಮನ್ಯಾಗ ನಮ್ಮನ್ನ ಮಾತಾಡ್ಸೂದಿಲ್ರಿ. ನಾ ಕಳಸದಿದ್ರ ಅಂವ ಜೇಲಿಗಿ ಹೋಗ್ತಿರಲಿಲ್ಲ ಅಂತಾರ್ರಿ," ಎಂದ. ಎರಡೂ ಮನೆಯ ನಡುವೆ ಇದ್ದದ್ದು ಒಂದೇ ಗೋಡೆ.

ಸವಿತಾಳ ಬಗ್ಗೆ ನನ್ನ ಭಯ ಬಹಳ ದಿನ ಹೋಗಲಿಲ್ಲ. ಫೋಟೊ ತೆಗೆದು ಕಳಿಸಿದವಳು ಅವಳೇ ತಾನೆ? ವಕೀಲರೊಬ್ಬರನ್ನು ಕೇಳಿದೆ. ಕಾನೂನಿನ ಅಕ್ಷರ ಹಿಡಿದು ಹೋದರೆ, ತನ್ನ ಫೋಟೊ ತಾನೇ ಕಳಿಸಿದ ಮಗುವನ್ನು ಹೊರಗಿಡುವ ಸ್ಪಷ್ಟ ಸಾಲು ತಮಗೆ ಕಂಡಿಲ್ಲ ಎಂದರು ಅವರು. ಆದರೆ ಕಾಯ್ದೆಯ ಉದ್ದೇಶ ಮಗುವನ್ನು ಕಾಪಾಡುವುದು, ತನಿಖೆ ಮಾಡುವವರು ಅದನ್ನರಿತು ನಡೆಯಬೇಕು ಎಂದರು. ನಮ್ಮ ಪಿಎಸ್‌ಐ ಅರಿತು ನಡೆದರು. ಸವಿತಾ ಕೊನೆಯವರೆಗೂ ಸಂತ್ರಸ್ತೆಯಾಗಿಯೇ ಉಳಿದಳು. ಆದರೂ ಮಕ್ಕಳ ಬದುಕು ಒಬ್ಬ ಅಧಿಕಾರಿಯ ವಿವೇಕದ ಮೇಲೆ ನಿಂತಿದೆ ಎಂಬುದು ಇವತ್ತಿಗೂ ನನ್ನನ್ನು ಹೆದರಿಸುತ್ತದೆ.

ಅವಳು ಪರೀಕ್ಷೆ ಬರೆದಳು. ಗಣಿತದಲ್ಲಿ ನೂರಕ್ಕೆ ತೊಂಬತ್ತೊಂದು. ಆಮೇಲೆ ಕುಟುಂಬ ಊರು ಬದಲಿಸಿತು. ಎಲ್ಲಿಗೆಂದು ನಾನು ಕೇಳಲಿಲ್ಲ.

ನನ್ನ ಮೇಲೂ ಪ್ರಕರಣವಾಯಿತು. ಫೋಟೊ ಇಟ್ಟುಕೊಂಡದ್ದಕ್ಕೆ ಬೇರೆ ಕಲಮು ಹಾಕಬೇಕೇ ಎಂದು ಪೊಲೀಸರು ಪರಿಶೀಲಿಸುತ್ತಿದ್ದ ದಿನಗಳಲ್ಲಿ ಮನೆಯ ಮುಂದೆ ಯಾವ ಗಾಡಿ ನಿಂತರೂ ನಾನು ಕಿಟಕಿಗೆ ಹೋಗಿ ನೋಡುತ್ತಿದ್ದೆ. ಹಂಚುವ ಉದ್ದೇಶ ಕಾಣಲಿಲ್ಲವೆಂದು, ತಿಳಿಸದೇ ಇದ್ದ ಇಪ್ಪತ್ತೊಂದನೆಯ ಕಲಮೊಂದನ್ನೇ ಉಳಿಸಿದರು. ಮುಂದಿನ ವರ್ಷ, ನಿವೃತ್ತಿಗೆ ಎರಡು ತಿಂಗಳಿದ್ದಾಗ, ನ್ಯಾಯಾಧೀಶರ ಮುಂದೆ ತಪ್ಪೊಪ್ಪಿಕೊಂಡೆ. ವಕೀಲರು ಬೇಡವೆಂದರೂ ಕೇಳಲಿಲ್ಲ. ದಂಡ ಹಾಕಿ, ಕಲಾಪ ಮುಗಿಯುವವರೆಗೆ ನ್ಯಾಯಾಲಯದಲ್ಲೇ ಕುಳಿತಿರುವ ಶಿಕ್ಷೆ ಕೊಟ್ಟರು. ಬೆಳಿಗ್ಗೆ ಹನ್ನೊಂದರಿಂದ ಸಂಜೆಯವರೆಗೆ ಆರೋಪಿಗಳ ಬೆಂಚಿನಲ್ಲಿ ಕುಳಿತಿದ್ದೆ. ನನ್ನ ಪಕ್ಕದಲ್ಲಿ ಕುಳಿತವನೊಬ್ಬ, "ನಿಮ್ಮದೇನ್ರಿ ಅಕ್ಕಾರ?" ಎಂದು ಕೇಳಿದ. ಸುಮ್ಮನಿದ್ದದ್ದು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಇಲಾಖೆ ಒಂದು ವೇತನ ಬಡ್ತಿ ತಡೆಹಿಡಿಯಿತು. ನನ್ನ ಕುರ್ಚಿಗೆ ನಸ್ರೀನ್ ಬಂದರು.

ಈಗ ಅವರೇ ನನ್ನನ್ನು ಶಿಕ್ಷಕರ ಸಭೆಗಳಿಗೆ ಮಾತಾಡಲು ಕರೆಯುತ್ತಾರೆ. ಹೋದ ವರ್ಷ ಬಬಲೇಶ್ವರದಲ್ಲಿ ಅಂಥ ಒಂದು ಸಭೆ ಮುಗಿದು ಎಲ್ಲರೂ ಊಟಕ್ಕೆ ಎದ್ದಾಗ, ಇಪ್ಪತ್ತೈದು ದಾಟದ ಒಬ್ಬ ಶಿಕ್ಷಕಿ ನನ್ನ ಹತ್ತಿರ ಬಂದು ನಿಂತರು. ವ್ಯಾನಿಟಿ ಬ್ಯಾಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದರು.

"ಮೇಡಂ, ನಿನ್ನೆ ಒಂದು ಹುಡುಗಿ ನನ್ನ ಮುಂದ ಒಂದು ಮಾತು ಹೇಳ್ಯಾಳ್ರಿ. ನಾಳೆ ಪೊಲೀಸರಿಗೆ ತಿಳಿಸಿದ್ರ ನಡೀತೈತಿಲ್ರಿ?"

ಆ ದನಿ ನನಗೆ ಗೊತ್ತು. ಅದರೊಳಗಿನ ಭಯವೂ ಗೊತ್ತು. ನಮ್ಮ ವೃತ್ತಿಯಲ್ಲಿ ಮಕ್ಕಳು ನಮ್ಮನ್ನು ನಂಬಿ ಹೇಳಿದ ಮಾತು ಆ ಕ್ಷಣದಿಂದಲೇ ನಮ್ಮ ಜವಾಬ್ದಾರಿ. ನಾವು ಹೆದರಿ ಕಳೆಯುವ ಪ್ರತಿ ಗಂಟೆಯ ಬೆಲೆಯನ್ನು ಆ ಮಗು ತೆರುತ್ತದೆ. ಮೂವತ್ತೆರಡು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟು, ಅದೂ ಕೊನೆಯಲ್ಲಿ.

"ಇಲ್ಲವ್ವಾ, ನಡಿಯೂದಿಲ್ಲ," ಎಂದೆ. "ಬಾ, ಈಗ ಹೋಗೂಣು. ನಾ ಬರ್ತೇನಿ."

ಊಟದ ಸಾಲಿನಲ್ಲಿದ್ದವರು ನೋಡುತ್ತಿದ್ದಂತೆ ನಾವಿಬ್ಬರೂ ಹೊರಬಿದ್ದೆವು. ಅವರ ಕೈ ಹಿಡಿದುಕೊಂಡೆ. ಠಾಣೆಯ ಮೆಟ್ಟಿಲು ಹತ್ತುವವರೆಗೂ ನಾನು ಅದನ್ನು ಬಿಡಲಿಲ್ಲ.